ಮೊಲದ ಹಳ್ಳ ಬೊನಾಂಜಾ ಆದ ಬಗೆ

ಕೆನಡಾದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾದ ಗಡಿ ಇನ್ನೇನು ಬಂತು ಎನ್ನುವಲ್ಲಿ, ಯೂಕಾನ್ ನದಿಗೆ ಬಲಗಡೆಯಿಂದ ಕ್ಲಾಂಡೈಕ್ ಎಂಬ ಹೊಳೆ ಬಂದು ಸೇರುತ್ತದೆ. ಸಂಗಮದಿಂದ ಸ್ವಲ್ಪ ಮೇಲಕ್ಕೆ ಹೋದರೆ ಆ ಹೊಳೆಗೆ ದಕ್ಷಿಣದ ಗುಡ್ಡಗಳಿಂದ ಇಳಿದುಬರುವ ಒಂದು ಹಳ್ಳ ಸಿಗುತ್ತದೆ. 1896ರ ಬೇಸಿಗೆಯವರೆಗೆ ಆ ಕಡೆ ಓಡಾಡುತ್ತಿದ್ದ ಬೆರಳೆಣಿಕೆಯ ಬಿಳಿಯರು ಅದನ್ನು ರ‍್ಯಾಬಿಟ್ ಕ್ರೀಕ್, ಅಂದರೆ ಮೊಲದ ಹಳ್ಳ ಎನ್ನುತ್ತಿದ್ದರು. ಕಾಲಿಟ್ಟಲ್ಲೆಲ್ಲ ಜವುಗು, ಮುಖದ ತುಂಬ ಸೊಳ್ಳೆ, ಒಂದೆರಡು ಅಡಿ ಅಗೆದರೆ ಬೇಸಿಗೆಯಲ್ಲೂ ಕರಗದ ಮಂಜುನೆಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬನ ದಫ್ತರದಲ್ಲಿ ಆ ಹಳ್ಳ ಬೊನಾಂಜಾ ಕ್ರೀಕ್ ಎಂದು ದಾಖಲಾಯಿತು. ಮೊಲ ಹೋದದ್ದು ಹೇಗೆ, ಬೊನಾಂಜಾ ಬಂದದ್ದು ಹೇಗೆ ಎಂದು ನೋಡಹೊರಟರೆ ಚಿನ್ನದ ಕಥೆಯ ಜತೆಗೆ ಕಾಗದದ ಕಥೆಯೂ ಬಿಚ್ಚಿಕೊಳ್ಳುತ್ತದೆ.

ಆ ಸೀಮೆಯಲ್ಲಿ ಹೆಸರಿಡುವುದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜ್ಯಾಕ್ ಮೆಕ್ವೆಸ್ಟನ್ ಎಂಬ ವ್ಯಾಪಾರಿ 1874ರಲ್ಲಿ ಯೂಕಾನ್ ದಂಡೆಯ ಮೇಲೆ ಫೋರ್ಟ್ ರಿಲಯನ್ಸ್ ಎಂಬ ಮಳಿಗೆ ಹಾಕಿದ. ಅಲ್ಲಿಂದ ನಲವತ್ತು ಮೈಲಿ ಕೆಳಗೆ ಸೇರುವ ನದಿ ಫೋರ್ಟಿಮೈಲ್ ಆಯಿತು, ಅರವತ್ತು ಮೈಲಿ ಮೇಲೆ ಸೇರುವ ನದಿ ಸಿಕ್ಸ್ಟಿಮೈಲ್ ಆಯಿತು. ಮಳಿಗೆ ಮುಚ್ಚಿಹೋಯಿತು, ಲೆಕ್ಕ ಮಾತ್ರ ನದಿಗಳಿಗೆ ಅಂಟಿಕೊಂಡಿತು. ಕ್ಲಾಂಡೈಕಿನ ಗತಿ ಬೇರೆ. ಹಳೆಯ ನಕ್ಷೆಗಳಲ್ಲಿ ಅದು ಡೀರ್ ರಿವರ್. ಆದರೆ ಸಂಗಮದಲ್ಲಿ ತಲೆತಲಾಂತರದಿಂದ ಸಾಮನ್ ಮೀನು ಹಿಡಿಯುತ್ತಿದ್ದ ಹಾನ್ ಜನರಿಗೆ ಅದು ಟ್ರೊಂಡೆಕ್. ನೀರಿಗೆ ಅಡ್ಡಲಾಗಿ ಗೂಟ ಬಡಿದು ಮೀನಿನ ತಡೆ ಕಟ್ಟುತ್ತಿದ್ದರಲ್ಲ, ಆ ಗೂಟ ಬಡಿಯುವ ಕಲ್ಲಿನಿಂದ ಬಂದ ಹೆಸರು. ಬಿಳಿಯರ ನಾಲಿಗೆಗೆ ಅದು ಹೊರಳಲಿಲ್ಲ. ಥ್ರೋನ್‌ಡಿಯಕ್, ಕ್ಲೋಂಡಕ್ ಎಂದೆಲ್ಲ ತಿರುಚಿಕೊಂಡು ಕೊನೆಗೆ ಕ್ಲಾಂಡೈಕಿನಲ್ಲಿ ಬಂದು ನಿಂತಿತು.

ಚಿನ್ನ ಹುಡುಕುವ ಹಳೇ ಹುಲಿಗಳಿಗೆ ಕ್ಲಾಂಡೈಕ್ ಕಂಡರೆ ಅಸಡ್ಡೆ. ಕಣಿವೆ ತೀರ ಅಗಲ, ಪೊದೆಗಳು ವಾಲಿದ ದಿಕ್ಕು ಸರಿಯಿಲ್ಲ, ಅದೇನಿದ್ದರೂ ಕಡವೆ ಮೇಯುವ ಜಾಗ ಎಂದು ತಳ್ಳಿಹಾಕುತ್ತಿದ್ದರು. ಈ ಮಾತಿಗೆ ಕಿವಿಗೊಡದವನು ರಾಬರ್ಟ್ ಹೆಂಡರ್ಸನ್. ನೋವಾ ಸ್ಕೋಶಿಯಾದ ಲೈಟ್‌ಹೌಸ್ ಕಾವಲುಗಾರನ ಮಗ. ಮೈ ತೆಳ್ಳಗೆ, ಮುಖ ಗಂಟು, ಹಟ ಬಹಳ. 1894ರಲ್ಲಿ ಯೂಕಾನಿಗೆ ಬಂದವನಿಗೆ ಸಿಕ್ಸ್ಟಿಮೈಲ್ ಬಳಿಯ ವ್ಯಾಪಾರಿ ಜೋ ಲಡೂ ಸಾಮಾನು ಕಡ ಕೊಟ್ಟು, ಸಿಕ್ಕರೆ ಪಾಲು ಎಂಬ ಕರಾರಿನಲ್ಲಿ ಗುಡ್ಡಕ್ಕೆ ಅಟ್ಟಿದ. ಎರಡು ವರ್ಷ ಇಂಡಿಯನ್ ನದಿಯ ಕಡೆಯ ಹಳ್ಳಗಳನ್ನು ತಡಕಾಡಿದ ಹೆಂಡರ್ಸನ್, ಕೊನೆಗೆ ಒಂದು ಬೋಳುಗುಡ್ಡದ ನೆತ್ತಿ ಹತ್ತಿ ಉತ್ತರದ ಮಗ್ಗುಲಿಗೆ ಇಳಿದ. ಆ ಗುಡ್ಡವೇ ಈಗ ಕಿಂಗ್ ಸಾಲೊಮನ್ಸ್ ಡೋಮ್. ಅದರ ಸುತ್ತಲಿಂದ ಹಳ್ಳಗಳು ಎಲ್ಲ ದಿಕ್ಕಿಗೂ ಇಳಿಯುತ್ತವೆ. ಅವನು ಇಳಿದ ಹಳ್ಳದಲ್ಲಿ ಒಂದು ಬೋಗುಣಿ ಮಣ್ಣು ಜಾಲಿಸಿದರೆ ಎಂಟು ಸೆಂಟಿನ ಚಿನ್ನ. ಆ ಕಾಲಕ್ಕೆ ಅದು ಕಡೆಗಣಿಸುವಂಥ ಮೊತ್ತವಲ್ಲ. ಕೂಡಲೇ ಅದಕ್ಕೆ ಗೋಲ್ಡ್ ಬಾಟಮ್ ಎಂದು ಹೆಸರಿಟ್ಟ. ತಳಬಂಡೆ ಮುಟ್ಟಿದರೆ ಅಲ್ಲೆಲ್ಲ ಹೊನ್ನೇ ಹಾಸಿರುತ್ತದೆ ಎಂಬ ಆಸೆ ಆ ಹೆಸರಿನಲ್ಲಿದೆ. ಜತೆಗಾರರನ್ನು ಸೇರಿಸಿಕೊಂಡು ಆ ಬೇಸಿಗೆಯಲ್ಲಿ ಸುಮಾರು 750 ಡಾಲರಿನಷ್ಟು ತೆಗೆದ.

ಮಣ್ಣು ಜಾಲಿಸಿ ಚಿನ್ನ ತೆಗೆಯುವ ಈ ಕಸುಬು ನಮಗೆ ಹೊಸದಲ್ಲ. ಗದಗ ಸೀಮೆಯ ಕಪ್ಪತಗುಡ್ಡದ ತಪ್ಪಲಲ್ಲಿ, ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಮಳೆಗಾಲದ ನಂತರ ಮರಳು ಜಾಲಿಸುತ್ತಿದ್ದ ಜಾಲಗಾರರನ್ನು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಭೂವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಕೋಲಾರದ್ದು ಬೇರೆ ಬಗೆ. ಅಲ್ಲಿ ಚಿನ್ನ ಗಟ್ಟಿಬಂಡೆಯೊಳಗೆ. ಕಂಪನಿ, ಯಂತ್ರ, ಆಳದ ಗಣಿ ಇಲ್ಲದೆ ಕೈಗೆ ಬಾರದು. ಯೂಕಾನಿನಲ್ಲಿ ಒಂದು ಬೋಗುಣಿ, ಒಂದು ಸಲಿಕೆ, ಒಬ್ಬ ಮನುಷ್ಯ ಸಾಕಿತ್ತು. ಆದ್ದರಿಂದಲೇ ಯಾರು ಮೊದಲು ಎಂಬ ಜಗಳ ಅಲ್ಲಿ ಅಷ್ಟು ಬೆಳೆಯಿತು.

ಸಾಮಾನು ತರಲು ಲಡೂ ಅಂಗಡಿಗೆ ಹೋಗಿದ್ದ ಹೆಂಡರ್ಸನ್ ಮರಳುವಾಗ ಕ್ಲಾಂಡೈಕ್ ಸಂಗಮದ ದಾರಿ ಹಿಡಿದ. ಅಲ್ಲಿ ಜಾರ್ಜ್ ಕಾರ್ಮ್ಯಾಕ್ ಮೀನು ಹಿಡಿಯುತ್ತ ಕೂತಿದ್ದ. ಕ್ಯಾಲಿಫೋರ್ನಿಯಾದವನಾದರೂ ವರ್ಷಗಳಿಂದ ಟ್ಯಾಗಿಶ್ ಬುಡಕಟ್ಟಿನವರ ಜತೆಯೇ ಅವನ ಬಾಳುವೆ. ಹೆಂಡತಿ ಶಾವ್ ಟ್ಲಾ. ಬಿಳಿಯರ ಬಾಯಲ್ಲಿ ಕೇಟ್. ಅವಳ ಅಣ್ಣ ಕೀಶ್, ಎಲ್ಲರಿಗೂ ಸ್ಕೂಕಮ್ ಜಿಮ್. ಸ್ಕೂಕಮ್ ಅಂದರೆ ಗಟ್ಟಿಗ. ಸರ್ವೆಯರ್ ವಿಲಿಯಂ ಓಗಿಲ್ವಿಯ ತಂಡಕ್ಕಾಗಿ 1887ರಲ್ಲಿ ಚಿಲ್ಕೂಟ್ ಕಣಿವೆದಾರಿಯಲ್ಲಿ 156 ಪೌಂಡ್ ಹಂದಿಮಾಂಸವನ್ನು ಒಂದೇ ಹೊರೆಯಲ್ಲಿ ಬೆನ್ನ ಮೇಲೆ ಸಾಗಿಸಿದವನು. ಕೀಶನ ಸೋದರಳಿಯ ಕಾ ಗೂಕ್ಸ್, ಅಂದರೆ ಡಾಸನ್ ಚಾರ್ಲಿ, ಕೂಡ ಜತೆಗಿದ್ದ.

ಕಂಡದ್ದನ್ನು ದಾರಿಯಲ್ಲಿ ಸಿಕ್ಕವನಿಗೆ ಹೇಳಬೇಕು ಎಂಬುದು ಚಿನ್ನ ಹುಡುಕುವವರ ಕಟ್ಟಳೆ. ಹೆಂಡರ್ಸನ್ ಕಾರ್ಮ್ಯಾಕನಿಗೆ ಗೋಲ್ಡ್ ಬಾಟಮ್ ವಿಷಯ ಹೇಳಿದ, ಬಾ ಎಂದೂ ಕರೆದ. ಆದರೆ ನಿನ್ನ ಜತೆಯ ಇಂಡಿಯನ್ನರು ಬೇಡ ಎಂಬ ಮಾತನ್ನು ಅವರ ಎದುರಿಗೇ, ಒರಟಾಗಿ ಆಡಿದ. ಕಾರ್ಮ್ಯಾಕನಿಗೆ ಉರಿಯಿತು. ಉಳಿದಿಬ್ಬರಿಗೆ ಇನ್ನೂ ಹೆಚ್ಚು. ಆದರೂ ಕೆಲ ದಿನಗಳ ಮೇಲೆ ಮೂವರೂ ಮೊಲದ ಹಳ್ಳದ ಗುಂಟ ಹತ್ತಿ, ಗುಡ್ಡ ದಾಟಿ ಗೋಲ್ಡ್ ಬಾಟಮ್ ನೋಡಿಬಂದರು. ಹಳ್ಳ ಅವರಿಗೆ ಹಿಡಿಸಲಿಲ್ಲ. ಹೊರಡುವ ಮೊದಲು ಜಿಮ್ ಮತ್ತು ಚಾರ್ಲಿ ಹೊಗೆಸೊಪ್ಪು ಕೇಳಿದರು, ದುಡ್ಡು ಕೊಡುತ್ತೇವೆ ಎಂದರು. ಹೆಂಡರ್ಸನ್ ಕೊಡಲಿಲ್ಲ. ಹಿಂದಿರುಗುವಾಗ ಏನಾದರೂ ಸಿಕ್ಕರೆ ಹೇಳಿಕಳಿಸು ಎಂದು ಕಾರ್ಮ್ಯಾಕನನ್ನು ಕೇಳಿಕೊಂಡಿದ್ದ. ನನಗೆ ಕಾಣುವಂತೆ, ಇಡೀ ಕ್ಲಾಂಡೈಕ್ ಇತಿಹಾಸದಲ್ಲಿ ಅತಿ ದುಬಾರಿ ಬಿದ್ದದ್ದು ಆ ಒಂದು ಹಿಡಿ ಹೊಗೆಸೊಪ್ಪು.

ವಾಪಸಾಗುವ ದಾರಿ ಮತ್ತೆ ಮೊಲದ ಹಳ್ಳದ್ದೇ. ಆಗಸ್ಟ್ 16ರಂದು ಹಳ್ಳದ ಬದಿಯಲ್ಲಿ ಇಳಿದುಕೊಂಡಾಗ ಚಿನ್ನ ಕಣ್ಣಿಗೆ ಬಿತ್ತು. ಮೊದಲು ಕಂಡವನು ತಾನೇ ಎಂದು ಕಾರ್ಮ್ಯಾಕ್ ಸಾಯುವವರೆಗೂ ಹೇಳಿದ. ಕಂಡವನು ಜಿಮ್, ಆಗ ಕಾರ್ಮ್ಯಾಕ್ ಮರದ ಕೆಳಗೆ ನಿದ್ದೆ ಹೊಡೆಯುತ್ತಿದ್ದ ಎಂದು ಟ್ಯಾಗಿಶ್ ಜನ ಇವತ್ತಿಗೂ ಹೇಳುತ್ತಾರೆ. ಒಂದು ಬೋಗುಣಿಗೆ ಕಾಲು ಔನ್ಸ್, ಸುಮಾರು ನಾಲ್ಕು ಡಾಲರಿನ ಚಿನ್ನ. ಹೆಂಡರ್ಸನ್ನನ ಎಂಟು ಸೆಂಟಿನ ಐವತ್ತು ಪಟ್ಟು. ಮರುದಿನ ಬೆಳಿಗ್ಗೆ ಕಾರ್ಮ್ಯಾಕ್ ಒಂದು ಸಣ್ಣ ಸ್ಪ್ರೂಸ್ ಮರದ ತೊಗಟೆ ಕೊಡಲಿಯಿಂದ ಕೆತ್ತಿ, ಬಿಳಿ ಮೈಯ ಮೇಲೆ ಪೆನ್ಸಿಲಿನಲ್ಲಿ ತನ್ನ ಹಕ್ಕು ಬರೆದ. ಹಳ್ಳದ ಉದ್ದಕ್ಕೆ 500 ಅಡಿ ಒಂದು ಕ್ಲೇಮು. ಕಾನೂನಿನ ಪ್ರಕಾರ ಒಬ್ಬನಿಗೆ ಒಂದೇ. ಮೊದಲು ಕಂಡುಹಿಡಿದವನಿಗೆ ಮಾತ್ರ ಎರಡು. ಇಂಡಿಯನ್ನನೊಬ್ಬ ಕಂಡುಹಿಡಿದ ಎಂದರೆ ದಫ್ತರದಲ್ಲಿ ಯಾರೂ ಒಪ್ಪುವುದಿಲ್ಲ ಎಂದು ಭಾವನನ್ನು ಒಪ್ಪಿಸಿ ಆ ಎರಡನ್ನೂ ಕಾರ್ಮ್ಯಾಕ್ ತನ್ನ ಹೆಸರಿಗೆ ಮಾಡಿಕೊಂಡ. ಜಿಮ್‌ಗೆ ಮೇಲಿನ ಒಂದು, ಚಾರ್ಲಿಗೆ ಕೆಳಗಿನ ಎರಡು. ಅಂದರೆ ಡಿಸ್ಕವರಿ ಕ್ಲೇಮನ್ನು ಸೊನ್ನೆ ಎಂದಿಟ್ಟುಕೊಂಡು ಹಳ್ಳದ ಮೇಲಕ್ಕೂ ಕೆಳಕ್ಕೂ ಎಣಿಸಿದ ಲೆಕ್ಕ. ಗುಡ್ಡದಾಚೆ ಕೆಲವೇ ಮೈಲಿ ದೂರದಲ್ಲಿದ್ದ ಹೆಂಡರ್ಸನ್ನನಿಗೆ ಯಾರೂ ಹೇಳಿಕಳಿಸಲಿಲ್ಲ.

ಕ್ಲೇಮು ದಾಖಲಿಸಬೇಕಾದರೆ ಯೂಕಾನಿನಲ್ಲಿ ಕೆಳಕ್ಕೆ ಫೋರ್ಟಿಮೈಲ್ ಊರಿಗೆ ಹೋಗಬೇಕು. ಕಾರ್ಮ್ಯಾಕ್ ಮೊದಲು ನುಗ್ಗಿದ್ದು ಬಿಲ್ ಮೆಕ್‌ಫೀಯ ಸಾರಾಯಿ ಅಂಗಡಿಗೆ. ಈ ಮನುಷ್ಯನಿಗೆ ಸುಳ್ಳುಗಾರ ಜಾರ್ಜ್ ಎಂಬ ಅಡ್ಡಹೆಸರಿತ್ತು. ಮಾತನ್ನು ಯಾರೂ ನಂಬುವ ಹಾಗಿರಲಿಲ್ಲ. ಆಗ ಅವನು ಬಂದೂಕಿನ ಖಾಲಿ ತೋಟೆಯಲ್ಲಿ ತುಂಬಿಟ್ಟಿದ್ದ ಚಿನ್ನವನ್ನು ಸುರಿದ. ಜನ ಮುತ್ತಿಕೊಂಡರು. ಆ ಹಳಬರಿಗೆ ಒಂದು ವಿದ್ಯೆ ಗೊತ್ತಿತ್ತು: ಪ್ರತಿ ಹಳ್ಳದ ಚಿನ್ನಕ್ಕೂ ಅದರದೇ ಬಣ್ಣ, ಅದರದೇ ಹರಳಿನ ಆಕಾರ. ನೋಡಿದರೆ ಸಾಕು, ಎಲ್ಲಿಯದು ಎಂದು ಹೇಳಿಬಿಡುತ್ತಿದ್ದರು. ಈ ಚಿನ್ನ ಅವರು ಕಂಡ ಯಾವ ಹಳ್ಳದ್ದೂ ಆಗಿರಲಿಲ್ಲ. ಮನುಷ್ಯ ಸುಳ್ಳಾಡಬಹುದು, ಹರಳು ಆಡುವುದಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಊರಿನ ದೋಣಿಗಳೆಲ್ಲ ನದಿಗಿಳಿದಿದ್ದವು.

ಹೆಸರು ಬದಲಾದದ್ದು ಈ ಗದ್ದಲದ ನಡುವೆ. ಕಂಡುಹಿಡಿದು ಒಂದು ವಾರ ಕಳೆಯುವಷ್ಟರಲ್ಲಿ ಇಪ್ಪತ್ತೈದರಷ್ಟು ಮಂದಿ ಹಳ್ಳದ ಮೇಲಿನ ಇಳಿಜಾರಿನಲ್ಲಿ ಸೇರಿ ಗಣಿಗಾರರ ಪಂಚಾಯಿತಿ ನಡೆಸಿದರು. ಸರ್ಕಾರ ಕಣ್ಣಿಗೆ ಕಾಣದ ಆ ಕಾಡಿನಲ್ಲಿ ಕಳ್ಳತನದಿಂದ ಹಿಡಿದು ಕೊಲೆಯವರೆಗೆ ತೀರ್ಪು ಕೊಡುತ್ತಿದ್ದುದು ಇಂಥ ಪಂಚಾಯಿತಿಗಳೇ. ತಮ್ಮೊಳಗೇ ಒಬ್ಬನನ್ನು ಲೆಕ್ಕ ಬರೆಯುವವನನ್ನಾಗಿ ಆರಿಸಿಕೊಂಡರು, ಹಗ್ಗದಿಂದ ಕ್ಲೇಮುಗಳನ್ನು ಅಳೆಸಿದರು, ಮೊಲದ ಹಳ್ಳ ಇನ್ನು ಮುಂದೆ ಬೊನಾಂಜಾ ಎಂದು ಸಾರಿದರು. ಹೆಸರು ಇಟ್ಟವನು ನಾನು, ದಾಖಲಿಸುವಾಗ ಹೇಳಿದೆ ಎಂದು ಕಾರ್ಮ್ಯಾಕ್ ಆಮೇಲೆ ಬರೆದುಕೊಂಡ. ಇಬ್ಬರಲ್ಲಿ ಯಾರ ಮಾತು ನಿಜವೇ ಇರಲಿ, ಪದ ಎಲ್ಲಿಂದ ಬಂತು ಎನ್ನುವುದರಲ್ಲಿ ಗುಟ್ಟಿಲ್ಲ. 1870ರ ದಶಕದಲ್ಲಿ ನೆವಾಡಾದ ಕಾಮ್‌ಸ್ಟಾಕ್ ಗಣಿಯಲ್ಲಿ ಭಾರಿ ಬೆಳ್ಳಿ ಸಿಕ್ಕಾಗ ಅದನ್ನು ಬಿಗ್ ಬೊನಾಂಜಾ ಎಂದಿದ್ದರು. ಅಮೆರಿಕದ ಪಶ್ಚಿಮದ ಗಣಿಗಳಲ್ಲಿ ಮೈ ಸವೆಸಿ ಬಂದ ಇವರಿಗೆ ಅದಕ್ಕಿಂತ ದೊಡ್ಡ ಹಾರೈಕೆ ಗೊತ್ತಿರಲಿಲ್ಲ. ಎಷ್ಟು ಚಿನ್ನವಿದೆ ಎಂದು ಇನ್ನೂ ಒಬ್ಬನೂ ತಳ ಮುಟ್ಟಿ ನೋಡಿರಲಿಲ್ಲ ಎಂಬುದನ್ನು ಮರೆಯಬಾರದು. ಹೆಸರು ಮೊದಲು ಬಂತು, ಚಿನ್ನ ಅದನ್ನು ಹಿಂಬಾಲಿಸಿತು.

ಪಂಚಾಯಿತಿಯ ಹೆಸರನ್ನು ಸರ್ಕಾರದ ಹೆಸರಾಗಿಸಿದವನು ಇನ್ಸ್‌ಪೆಕ್ಟರ್ ಚಾರ್ಲ್ಸ್ ಕಾನ್‌ಸ್ಟಂಟೈನ್. ನಾರ್ತ್-ವೆಸ್ಟ್ ಮೌಂಟೆಡ್ ಪೊಲೀಸರ ಅಧಿಕಾರಿಯಾಗಿ ಬಂದಿದ್ದ ಅವನ ತಲೆಯ ಮೇಲೆ ಗಣಿ ದಾಖಲೆಯ ಕೆಲಸವೂ ಬಿದ್ದಿತ್ತು. ನಮ್ಮ ಪಹಣಿಗೆ ಊರು, ಸರ್ವೆ ನಂಬರು ಹೇಗೋ ಹಾಗೆ ಅವನ ಪುಸ್ತಕಕ್ಕೆ ಹಳ್ಳದ ಹೆಸರು ಮತ್ತು ಕ್ಲೇಮಿನ ಸಂಖ್ಯೆ. ಹೆಸರಿಲ್ಲದ ಹಳ್ಳದಲ್ಲಿ ಯಾರಿಗೂ ಹಕ್ಕು ಬರೆದುಕೊಡಲಾಗದು. ಒಂದೇ ಹಳ್ಳಕ್ಕೆ ಎರಡು ಹೆಸರಿದ್ದರೆ ಒಂದೇ ನೆಲ ಇಬ್ಬರ ಹೆಸರಿಗೆ ಏರುವ ಅಪಾಯ. ಆದ್ದರಿಂದ ಮೊದಲು ಮೇಜಿನ ಮುಂದೆ ನಿಂತವರು ಹೇಳಿದ್ದೇ ಹೆಸರು. ಒಮ್ಮೆ ಪುಸ್ತಕಕ್ಕೆ ಏರಿತೆಂದರೆ ಆಮೇಲೆ ಬಂದವರೆಲ್ಲ ಅದನ್ನೇ ಹೇಳಬೇಕು.

ಇದರ ಏಟು ಬಿದ್ದದ್ದು ಹೆಂಡರ್ಸನ್ನನಿಗೆ. ಎಷ್ಟೋ ದಿನಗಳ ನಂತರವೂ ಅವನು ಗೋಲ್ಡ್ ಬಾಟಮ್‌ನಲ್ಲಿ ತಲೆ ಬಗ್ಗಿಸಿ ಅಗೆಯುತ್ತಲೇ ಇದ್ದ. ಒಂದು ದಿನ ಗುಡ್ಡದ ಕಡೆಯಿಂದ ಕೆಲವರು ಇಳಿದುಬಂದರು. ಎಲ್ಲಿಂದ ಎಂದು ಕೇಳಿದ. ಬೊನಾಂಜಾದಿಂದ ಎಂದರು. ಆ ಸೀಮೆಯ ಹಳ್ಳಗಳನ್ನೆಲ್ಲ ಬಲ್ಲವನು ತಾನು. ಬೊನಾಂಜಾ ಎಂಬ ಹೆಸರೇ ಕೇಳಿರಲಿಲ್ಲ. ಅದೆಲ್ಲಿದೆ ಎಂದ. ಅವರು ಬೆರಳು ತೋರಿದ್ದು ಮೊಲದ ಹಳ್ಳದ ದಿಕ್ಕಿಗೆ. ಅಲ್ಲೇನು ಸಿಕ್ಕಿತು? ಚಿನ್ನ. ಯಾರು ಕಂಡುಹಿಡಿದರು? ಕಾರ್ಮ್ಯಾಕ್. ಕೈಯಲ್ಲಿದ್ದ ಸಲಿಕೆ ಬಿಸುಟು ಹೆಂಡರ್ಸನ್ ದಂಡೆಯ ಮೇಲೆ ಕುಸಿದು ಕೂತ ಎಂದು ಹೇಳುತ್ತಾರೆ. ಅಷ್ಟು ಹೊತ್ತಿಗೆ ಬೊನಾಂಜಾದಲ್ಲಿ ಒಳ್ಳೆಯ ಜಾಗವೆಲ್ಲ ಹಂಚಿಹೋಗಿತ್ತು.

ಇರಲಿ, ತನ್ನ ಗೋಲ್ಡ್ ಬಾಟಮ್ ಆದರೂ ಇದೆಯಲ್ಲ ಎಂದು ಫೋರ್ಟಿಮೈಲಿಗೆ ಹೊರಟ. ಅಲ್ಲಿ ಎರಡನೇ ಏಟು. ಅವನು ಮುಖ್ಯ ಹಳ್ಳ ಅಂದುಕೊಂಡದ್ದು ನಿಜಕ್ಕೂ ಒಂದು ಕವಲು. ಇನ್ನೊಂದು ಕವಲಿನಲ್ಲಿ ಆಂಡ್ರ್ಯೂ ಹಂಕರ್ ಎಂಬ ಜರ್ಮನ್ ಮುದುಕ ಇನ್ನೂ ಸೊಗಸಾದ ಚಿನ್ನ ಕಂಡು, ಮೊದಲೇ ಬಂದು ಡಿಸ್ಕವರಿ ಕ್ಲೇಮು ಬರೆಸಿಬಿಟ್ಟಿದ್ದ. ಒಂದೇ ಹಳ್ಳಕ್ಕೆ ಎರಡು ಡಿಸ್ಕವರಿ ಕೊಡುವಂತಿಲ್ಲ. ಇಡೀ ಹಳ್ಳ ಹಂಕರ್ ಕ್ರೀಕ್ ಆಯಿತು. ಅದನ್ನು ಮೊದಲು ಕಂಡು, ಹೆಸರಿಟ್ಟು, ಬೇಸಿಗೆಯೆಲ್ಲ ದುಡಿದವನಿಗೆ ಸಾಮಾನ್ಯರಂತೆ ಒಂದೇ ಕ್ಲೇಮು. ಅದನ್ನೂ ಕೊನೆಗೆ 3,000 ಡಾಲರಿಗೆ ಮಾರಿಕೊಂಡ. ಕಾನ್‌ಸ್ಟಂಟೈನನ ಕಡೆಯಿಂದ ನೋಡಿದರೆ ತಪ್ಪೇನೂ ಇಲ್ಲ. ನಿಯಮ ಇದ್ದದ್ದೇ ಹಾಗೆ. ಆದರೆ ನಿಯಮ ಮಾಡಿದವರು ದೂರದ ಹಳ್ಳದಿಂದ ದಫ್ತರ ಮುಟ್ಟಲು ತಗಲುವ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೊನಾಂಜಾಕ್ಕೆ ಸೇರುವ ಒಂದು ಉಪಹಳ್ಳಕ್ಕೆ ಆಗಸ್ಟ್ ಕೊನೆಯಲ್ಲಿ ಆಂಟನ್ ಸ್ಟ್ಯಾಂಡರ್ ಮತ್ತು ಅವನ ಗೆಳೆಯರು ಕೈಹಾಕಿದರು. ಅದಕ್ಕೆ ಸಿಕ್ಕ ಹೆಸರು ಎಲ್ಡೊರಾಡೊ, ದಂತಕಥೆಯ ಹೊನ್ನಿನ ನಾಡಿನದು. ಅದು ಹೆಸರಿಗೆ ತಕ್ಕ ಹಾಗೇ ನಡೆದುಕೊಂಡಿತು, ಬೊನಾಂಜಾಕ್ಕಿಂತಲೂ ಹೆಚ್ಚು ಕೊಟ್ಟಿತು. ಸುತ್ತಲಿನ ಹಳ್ಳಗಳ ಪಟ್ಟಿ ಓದಿದರೆ ಆ ಜನರ ಮನಸ್ಸು ತೆರೆದಿಟ್ಟಂತೆ ಕಾಣುತ್ತದೆ: ಆಲ್ ಗೋಲ್ಡ್, ಟೂ ಮಚ್ ಗೋಲ್ಡ್, ಲಾಸ್ಟ್ ಚಾನ್ಸ್. ಟೂ ಮಚ್ ಗೋಲ್ಡ್‌ನಲ್ಲಿ ಹೇಳಿಕೊಳ್ಳುವಷ್ಟು ಚಿನ್ನ ಇರಲಿಲ್ಲ.

ಚಳಿಗಾಲ ಬಂತು. ಮಂಜುನೆಲ ಕರಗಿಸಲು ಬೆಂಕಿ ಹಾಕುವುದು, ಕರಗಿದಷ್ಟು ಅಗೆಯುವುದು, ಮತ್ತೆ ಬೆಂಕಿ. ಹೀಗೆ ಬಾವಿ ತೋಡಿ ತಳಬಂಡೆಯ ಮೇಲಿನ ಜಲ್ಲಿಯನ್ನು ಮೇಲೆ ರಾಶಿ ಹಾಕಿ, ವಸಂತದಲ್ಲಿ ನೀರು ಬಿಟ್ಟು ತೊಳೆಯಬೇಕು. ಕಣಿವೆ ತುಂಬ ಹೊಗೆ. ಈ ಹೊಗೆಯ ನಡುವೆ ಜಗಳ ಹುಟ್ಟಿತು. ಪಂಚಾಯಿತಿಯ ಅಳತೆಹಗ್ಗ ಗಿಡ್ಡವಾಗಿತ್ತು. ಗೂಟ ಕಿತ್ತು ಗೂಟ ನೆಟ್ಟವರೂ ಇದ್ದರು. ಹೆಸರು ಗಟ್ಟಿಯಾಗಿತ್ತು, ಗಡಿ ಆಗಿರಲಿಲ್ಲ. ಆಗ ಅಲ್ಲೇ ಚಳಿಗಾಲ ಕಳೆಯುತ್ತಿದ್ದ ಓಗಿಲ್ವಿಯನ್ನು ಗಣಿಗಾರರೇ ಬೇಡಿಕೊಂಡರು. 1897ರ ಆರಂಭದಲ್ಲಿ ಅವನು ಸರಪಳಿ ಹಿಡಿದು ಹಳ್ಳವನ್ನು ಹೊಸದಾಗಿ ಅಳೆದ. ಕ್ಲೇಮುಗಳ ನಡುವೆ ಅಲ್ಲಲ್ಲಿ ಚೂರು ನೆಲ ಉಳಿಯಿತು. ಅಂಥದೊಂದು ಚೂರು ಅವನ ಸಹಾಯಕ ಡಿಕ್ ಲೋ ಎಂಬವನ ಪಾಲಾಯಿತು. ನೂರಡಿಯೂ ಇಲ್ಲದ ಆ ತುಂಡನ್ನು ಮಾರಲು ಹೋದರೆ ಕೊಳ್ಳುವವರೇ ಇರಲಿಲ್ಲ. ಅಗೆದಾಗ ಸುಮಾರು ಐದು ಲಕ್ಷ ಡಾಲರಿನ ಚಿನ್ನ ಬಂತು. ಓಗಿಲ್ವಿ ಮಾತ್ರ ಸರ್ಕಾರಿ ನೌಕರ ತಾನು ಎಂದು ಒಂದು ಅಡಿಯನ್ನೂ ತನ್ನ ಹೆಸರಿಗೆ ಮಾಡಿಕೊಳ್ಳಲಿಲ್ಲ. ಇಂಥವರು ಎಲ್ಲ ಕಾಲದಲ್ಲೂ ಒಬ್ಬಿಬ್ಬರು ಇರುತ್ತಾರೆ.

ಜೋ ಲಡೂ ಗಣಿಗಾರರಿಗಿಂತ ಜಾಣತನ ತೋರಿದ. ಸಂಗಮದ ಜವುಗಿನಲ್ಲಿ ಊರು ಕಟ್ಟುವ ಜಾಗವನ್ನು ಹಿಡಿದು ನಿವೇಶನ ಮಾರಿದ. ಕೆನಡಾದ ಭೂವಿಜ್ಞಾನಿ ಜಾರ್ಜ್ ಮರ್ಸರ್ ಡಾಸನ್ ಗೌರವಕ್ಕೆ ಆ ಊರು ಡಾಸನ್ ಸಿಟಿ. 1897ರ ಜುಲೈ 17ರಂದು ಪೋರ್ಟ್‌ಲ್ಯಾಂಡ್ ಎಂಬ ಹಡಗು ಚಿನ್ನ ಹೊತ್ತು ಸಿಯಾಟಲ್ ಬಂದರಿಗೆ ಬಂದ ಮೇಲೆ ನಡೆದದ್ದು ಜಗತ್ತಿಗೇ ಗೊತ್ತು. ಲಕ್ಷದಷ್ಟು ಜನ ಹೊರಟರು, ಮೂರರಲ್ಲಿ ಒಂದು ಪಾಲು ಮುಟ್ಟಿದರು, ಮುಟ್ಟಿದವರಿಗೆ ಬೊನಾಂಜಾದಲ್ಲಿ ಒಂದಡಿಯೂ ಉಳಿದಿರಲಿಲ್ಲ.

ಹೆಸರುಗಳ ಗೊಂದಲ ರಾಜಧಾನಿ ಒಟ್ಟಾವಾಕ್ಕೂ ತಲುಪಿತ್ತು. ಜನವಸತಿ ಇಲ್ಲದ ಕಡೆಗೆ ನಕ್ಷೆ ಮಾಡುವವರು ನುಗ್ಗುತ್ತಿದ್ದರು, ಹೊರನಾಡಿನವರು ಬಂದು ನೆಲೆಸುತ್ತಿದ್ದರು, ಒಂದೊಂದು ಇಲಾಖೆಯ ನಕ್ಷೆಯಲ್ಲಿ ಒಂದೊಂದು ಕಾಗುಣಿತ. 1897ರ ಡಿಸೆಂಬರ್ 18ರಂದು ಸರ್ಕಾರ ಜಿಯಾಗ್ರಫಿಕ್ ಬೋರ್ಡ್ ಆಫ್ ಕೆನಡಾ ಸ್ಥಾಪಿಸಿತು. ಅಮೆರಿಕ ಇಂಥದೇ ಮಂಡಳಿಯನ್ನು 1890ರಲ್ಲೇ ಮಾಡಿಕೊಂಡಿತ್ತು. ಇನ್ನು ಮುಂದೆ ಹೆಸರು ಮಂಡಳಿಯ ಒಪ್ಪಿಗೆಗೆ ಕಾಯಬೇಕು. ಆದರೆ ಬೊನಾಂಜಾದ ಮಟ್ಟಿಗೆ ಮಂಡಳಿ ಮಾಡಬೇಕಾದ್ದೇನೂ ಉಳಿದಿರಲಿಲ್ಲ. ಅಷ್ಟರಲ್ಲಿ ಆ ಹೆಸರಿನ ಮೇಲೆ ನೂರಾರು ಹಕ್ಕುಪತ್ರ, ಕ್ರಯ, ವ್ಯಾಜ್ಯ ನಿಂತಿದ್ದವು.

ಈ ಯಾವ ಸಭೆಯಲ್ಲೂ, ಮೇಜಿನ ಮುಂದೆಯೂ ಹಾನ್ ಜನರನ್ನು ಯಾರೂ ಕೇಳಲಿಲ್ಲ. ಸಂಗಮದ ಅವರ ಮೀನಿನ ನೆಲೆ ಊರಾಯಿತು. ಅವರ ಮುಖಂಡ ಚೀಫ್ ಐಸಾಕ್ 1897ರಲ್ಲಿ ತನ್ನವರನ್ನು ಕರೆದುಕೊಂಡು ನದಿಯ ಕೆಳಗಿನ ಮೂಸ್‌ಹೈಡ್ ಎಂಬಲ್ಲಿಗೆ ಹೋದ. ಹಾಡು ಕುಣಿತಗಳು ಕಳೆದುಹೋದಾವು ಎಂದು ಅಲಾಸ್ಕಾದ ನೆಂಟರ ಸುಪರ್ದಿಗೆ ಒಪ್ಪಿಸಿದ. ಅವರ ವಂಶದ ಟ್ರೊಂಡೆಕ್ ಹ್ವೆಚಿನ್ ಸಮುದಾಯ 1998ರಲ್ಲಿ ಸರ್ಕಾರದೊಂದಿಗೆ ಭೂಹಕ್ಕಿನ ಒಪ್ಪಂದ ಮಾಡಿಕೊಂಡಿತು. ಯುನೆಸ್ಕೊ 2023ರಲ್ಲಿ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಟ್ರೊಂಡೆಕ್-ಕ್ಲಾಂಡೈಕ್ ಎಂಬ ಹೆಸರಿನಲ್ಲಿ.

ಮೊದಲು ಕಂಡವರಲ್ಲಿ ಚಾರ್ಲಿ 1908ರಲ್ಲಿ ಸೇತುವೆಯಿಂದ ನೀರಿಗೆ ಬಿದ್ದು ಸತ್ತ, ಜಿಮ್ 1916ರಲ್ಲಿ ತೀರಿಕೊಂಡ. ಕೇಟಳನ್ನು ಬಿಟ್ಟು ಕಾರ್ಮ್ಯಾಕ್ ಇನ್ನೊಬ್ಬಳನ್ನು ಮದುವೆಯಾದ. ತನ್ನವರ ನಡುವೆ ಕಾರ್‌ಕ್ರಾಸ್‌ಗೆ ಮರಳಿದ ಅವಳು 1920ರಲ್ಲಿ ತೀರಿಕೊಂಡಳು. ಯೂಕಾನ್ ದಂಡೆಯ ಮೇಲೆ ಕಾರ್ಮ್ಯಾಕ್ಸ್ ಎಂಬ ಊರಿದೆ, ಬೊನಾಂಜಾದ ಬದಿಯಲ್ಲಿ ಸ್ಕೂಕಮ್ ಎಂಬ ಕೊರಕಲಿದೆ. ಹೆಂಡರ್ಸನ್ನನಿಗೆ ಕೆನಡಾ ಸರ್ಕಾರ ಸಹ-ಅನ್ವೇಷಕ ಎಂದು ತಿಂಗಳಿಗೆ 200 ಡಾಲರ್ ಪಿಂಚಣಿ ಕೊಟ್ಟಿತು. ಕಾರ್ಮ್ಯಾಕ್ ಅಮೆರಿಕದವನು, ಇವನಾದರೆ ತಮ್ಮವನು ಎಂಬ ಅಭಿಮಾನವೂ ಅದರಲ್ಲಿ ಸೇರಿತ್ತು. 1933ರಲ್ಲಿ ಸಾಯುವವರೆಗೂ ಅವನು ಚಿನ್ನ ಹುಡುಕುವುದನ್ನು ಬಿಡಲಿಲ್ಲ. ಗೋಲ್ಡ್ ಬಾಟಮ್ ಈಗಲೂ ಸರ್ಕಾರಿ ನಕ್ಷೆಯಲ್ಲಿದೆ, ಹಂಕರ್ ಕ್ರೀಕಿಗೆ ಬಂದು ಸೇರುವ ಉಪಹಳ್ಳವಾಗಿ.